ನಾನು ನೋಡದ ಎರಡನೆಯ ಅರ್ಧ

ಆ ಪಂದ್ಯದ ಎರಡನೆಯ ಅರ್ಧವನ್ನು ನಾನು ನೋಡಲಿಲ್ಲ. ನೋಡಿದವನಂತೆ ಬರೆದೆ. ಬರೆದದ್ದು ಅಚ್ಚಾಯಿತು. ಅಚ್ಚಾದದ್ದನ್ನು ಕೇಳಲು ಬಂದವನಿಗೆ, ನಾಲ್ಕು ಜನರೆದುರು, ನೋಡಿದ್ದೇನೆಂದೇ ಹೇಳಿದೆ. ಬಂದವನ ಹೆಸರು ಬೋರಯ್ಯ. ಮಳವಳ್ಳಿ ಫುಟ್‌ಬಾಲ್ ತಂಡದಲ್ಲಿ ಗೋಲು ಕಾಯುತ್ತಿದ್ದವನು. ಅವನು ತಪ್ಪು ಮಾಡಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು — ಈ ಒಂದು ಮಾತನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಸಾಹುಕಾರ್ ನಂಜೇಗೌಡರ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದಾರೆ. ಅವರ ತಂಡಗಳ ಬಗ್ಗೆ ನಾನು ಬರೆಯಬೇಕೆಂದು ಅವರ ಮೊಮ್ಮಗ ನನ್ನ ಮನೆಗೇ ಬಂದಿದ್ದ. "ಆ ಕಾಲ್ದ ಆಟ ಕಣ್ಣಾರೆ ಕಂಡೋರು ನೀವೊಬ್ರೇ ಉಳ್ದಿರೋದು, ತಾತ," ಎಂದ. ಕಣ್ಣಾರೆ — ಅವನು ಹೋದ ಮೇಲೂ ಆ ಪದ ಜಗಲಿಯಲ್ಲೇ ಕೂತಿತ್ತು.

ಸಾಹುಕಾರರ ಬಗ್ಗೆ ಬರೆಯುವುದು ಕಷ್ಟವಲ್ಲ. ನಿಡಘಟ್ಟದ ಒಕ್ಕಲು ಮನೆಯಲ್ಲಿ ಹುಟ್ಟಿದರು. ಹರೆಯದಲ್ಲಿ ಎತ್ತಿನ ಗಾಡಿಯಲ್ಲಿ ಬೆಂಗಳೂರಿಗೆ ಬೆಲ್ಲ ಹೊಡೆಯುತ್ತಿದ್ದರು. ಅಲ್ಲಿ ದಂಡಿನ ಬಯಲಿನಲ್ಲಿ ಸೋಲ್ಜರುಗಳು ಚೆಂಡು ಒದೆಯುವುದನ್ನು ಕಂಡು, ಬಾರುಕೋಲು ಹಿಡಿದುಕೊಂಡೇ ಆಟ ಮುಗಿಯುವವರೆಗೆ ನಿಂತಿದ್ದರಂತೆ. ಎತ್ತುಗಳು ತಾವೇ ನೀರು ಹುಡುಕಿಕೊಂಡು ಹೋಗಿದ್ದವು. ಮುಂದೆ ಮದ್ದೂರಿನಲ್ಲಿ ಅಕ್ಕಿ ಗಿರಣಿ, ಮಂಡ್ಯದಲ್ಲಿ ಬೆಲ್ಲದ ಮಂಡಿ, ಮಳವಳ್ಳಿ ರಸ್ತೆಯಲ್ಲಿ ಎರಡು ಬಸ್ಸು ಆದವು. ಎಲ್ಲ ಆದ ಮೇಲೆ ಆ ಬಯಲನ್ನು ಮರೆಯದೆ ತಂಡ ಕಟ್ಟಿದರು. ಒಂದಲ್ಲ, ಎರಡು: ಮಂಡ್ಯದ್ದೊಂದು, ಮಳವಳ್ಳಿಯದೊಂದು. ಎದುರಾಳಿ ಇಲ್ಲದೆ ಆಟವಿಲ್ಲವಲ್ಲ. ಎದುರಾಳಿಯನ್ನೂ ತಾವೇ ಸಾಕಿದರು. ಪಂದ್ಯದ ಹಿಂದಿನ ದಿನ ಎರಡೂ ತಂಡಕ್ಕೆ ಗಿರಣಿಯ ಅಂಗಳದಲ್ಲಿ ಒಂದೇ ಪಂಕ್ತಿಯಲ್ಲಿ ಮುದ್ದೆ, ಉಪ್ಸಾರು. ಸಾಹುಕಾರರು ಗೋಣಿಚೀಲದ ಮೇಲೆ ಕೂತು, ಯಾರು ಎರಡನೆಯ ಮುದ್ದೆ ಬೇಡವೆಂದರೋ ಅವರನ್ನು ಹೆಸರು ಹಿಡಿದು ಬೈಯುತ್ತಿದ್ದರು. ಅವರು ಕೆಟ್ಟವರೆಂದು ನಾನು ಬರೆಯಲಾರೆ.

ನಾನು ಮೈಸೂರಿನ ಒಂದು ಪತ್ರಿಕೆಗೆ ಮಂಡ್ಯದಿಂದ ಸುದ್ದಿ ಕಳಿಸುತ್ತಿದ್ದೆ. ತಂದೆ ಮೇಷ್ಟರು, ನನಗೆ ಕಲಿಸಿದ್ದು ಒಂದೇ — ಕಂಡದ್ದನ್ನು ಬರೆ, ಬಣ್ಣ ಹಚ್ಚಬೇಡ. ಹಾಗೆಯೇ ಬರೆಯುತ್ತಿದ್ದೆ. ಆದರೆ ಸುದ್ದಿಯ ಲಕೋಟೆ ಸಂಜೆಯ ರೈಲಿಗೆ ಸೇರಬೇಕು, ಪಂದ್ಯ ಮುಗಿಯುವುದು ರೈಲು ಹೋದ ಮೇಲೆ. ಹಾಗಾಗಿ ಒಂದು ರೂಢಿ ಮಾಡಿಕೊಂಡಿದ್ದೆ. ಅರ್ಧ ಆಟ ನೋಡುವುದು, ಬಿಡುವಿನಲ್ಲಿ ಮಿಕ್ಕರ್ಧವನ್ನು ಅಂದಾಜಿನಲ್ಲಿ ಬರೆಯುವುದು, ಸ್ಟೇಷನ್ನಿಗೆ ಹೋಗಿ ಲಕೋಟೆ ಕೊಡುವುದು. ತಪ್ಪಾದರೆ ಮರುದಿನ ತಿದ್ದುಪಡಿಗೆ ತಂತಿ. ಎರಡು ವರ್ಷ ತಂತಿ ಕೊಡುವ ಪ್ರಸಂಗವೇ ಬರಲಿಲ್ಲ. ಸಾಹುಕಾರರು ಬಿಡುವಿನಲ್ಲಿ ಪಕ್ಕ ಬಂದು ಕೂತು, ಮುಂದೆ ಏನಾಗಬಹುದೆಂದು ಹೇಳುತ್ತಿದ್ದರು. ಹೇಳಿದಂತೆಯೇ ಆಗುತ್ತಿತ್ತು. ಏಕೆ ಆಗುತ್ತಿತ್ತೆಂದು ನಾನು ಕೇಳಿಕೊಳ್ಳಲಿಲ್ಲ — ಅಥವಾ ಕೇಳಿಕೊಂಡು —

ಆಟ ನಡೆಯುತ್ತಿದ್ದುದು ಮಂಡ್ಯದ ಹೊರಗೆ ಒಣಗಿದ ಕೆರೆಯ ಅಂಗಳದಲ್ಲಿ. ನಾಲೆಯ ನೀರು ಆ ಕಡೆಗೆ ಇನ್ನೂ ಬಂದಿರಲಿಲ್ಲ. ಜನ ಏರಿಯ ಮೇಲೆ ಕೂರುತ್ತಿದ್ದರು. ಕೆಳಗೆ ಬಿಳಿ ಮಣ್ಣು. ಹತ್ತು ಸಲ ಚೆಂಡು ಒದ್ದರೆ ಸಾಕು, ಧೂಳು ಎದ್ದು ಆಟಗಾರರೆಲ್ಲ ಹಾಲಿನೊಳಗೆ ಓಡುತ್ತಿರುವಂತೆ ಕಾಣುತ್ತಿದ್ದರು. ಗೋಲಿಗೆ ನೆಟ್ಟ ಬಿದಿರು ಮಾತ್ರ ಸ್ಪಷ್ಟ. ಅದರ ನಡುವೆ, ಬರಿಗಾಲಿನಲ್ಲಿ, ಕೈ ಅಗಲಿಸಿ ನಿಂತ ಬೋರಯ್ಯ. ಶಿವನಸಮುದ್ರದ ವಿದ್ಯುತ್ ಸ್ಥಾವರದಲ್ಲಿ ಕೆಲಸ; ವಾರವೆಲ್ಲ ಆ ನೀರಿನ ಮೊರೆತ ಕೇಳಿ ಕೇಳಿ ಎಲ್ಲರೊಡನೆಯೂ ಗಟ್ಟಿಯಾಗಿ ಮಾತಾಡುತ್ತಿದ್ದ. ಗೋಲಿನಲ್ಲಿ ನಿಂತಾಗ ಮಾತ್ರ ಮೌನಿ.

ಆ ದಿನ ಗೆದ್ದ ತಂಡ ಮೈಸೂರಿಗೆ ಆಡಲು ಹೋಗಬೇಕಿತ್ತು. ಮಂಡ್ಯದವರಿಗೆ ಸಾಹುಕಾರರು ಹೊಸ ಬೂಟು ಕೊಡಿಸಿದ್ದರು. ಆದರೂ ಬಿಡುವಿನ ಹೊತ್ತಿಗೆ ಮಳವಳ್ಳಿಯವರು ಒಂದು ಗೋಲು ಮುಂದಿದ್ದರು. ಸಾಹುಕಾರರು ಬಂದು ಕೂತು ಎಲೆಅಡಿಕೆ ಬಿಚ್ಚಿದರು.

"ಮಂಡ್ಯದೋರು ಎಲ್ಡು ಒಡೀತಾರೆ. ಬರ್ಕಳಿ ಸ್ವಾಮಿ. ಎಲ್ರುಗೂ ಏಳಿವ್ನಿ."

"ಮಳವಳ್ಳಿಯವರಿಗೂ ಹೇಳಿದ್ದೀರಾ?"

"ಎಲ್ಡೂ ನನ್ ಎತ್ಗಳೇಯ. ಜೋಡೀಲಿ ಯಾವ್ದು ಮುಂದಾದ್ರೆ ಏನು? ಗಾಡಿ ನಂದು ತಾನೆ?"

ನಾನು ನಕ್ಕೆ. ಬರೆದೆ. ಆ ಒಂದು ದಿನ ಮಾತ್ರ ತಂದೆಯ ಮಾತು ಮೀರಿ ಒಂದಿಷ್ಟು ಬಣ್ಣ ಹಚ್ಚಬೇಕೆನಿಸಿತು. ಎರಡನೆಯ ಗೋಲಿನ ಬಗ್ಗೆ — ಇನ್ನೂ ಆಗಿರದ ಗೋಲಿನ ಬಗ್ಗೆ — ಹೀಗೆ ಬರೆದೆ: "ಬಾಗಿಲಲ್ಲಿ ನಿಂತವನು ನೆಂಟರಿಗೆ ದಾರಿ ಬಿಡುವಂತೆ ಬೋರಯ್ಯನು ಪಕ್ಕಕ್ಕೆ ಸರಿದು ನಿಂತನು." ಓದಿಕೊಂಡೆ. ಚೆನ್ನಾಗಿದೆಯೆನಿಸಿತು. ಲಕೋಟೆ ಮುಚ್ಚಿ ಸ್ಟೇಷನ್ನಿಗೆ ನಡೆದೆ. ರೈಲು ಹೋದ ಮೇಲೂ ಅಲ್ಲೇ ಕಾಫಿ ಕುಡಿಯುತ್ತ ಕೂತೆ. ದೂರದಿಂದ ಜನರ ಕೂಗು ಎರಡು ಸಲ ಕೇಳಿತು. ಎರಡು ಗೋಲು, ಸರಿಯಾಯಿತು ಎಂದುಕೊಂಡೆ.

ಪತ್ರಿಕೆ ಬಂತು. ಸಂಪಾದಕರು ಕಾರ್ಡು ಬರೆದರು — ವರದಿ ಕಣ್ಣಿಗೆ ಕಟ್ಟುವಂತಿದೆ, ಇನ್ನು ಮುಂದೆ ನಿಮ್ಮ ಹೆಸರು ಹಾಕುತ್ತೇವೆ. ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಮದ್ದೂರಿನ ಗಿರಣಿಗೆ ಹೋದೆ. ಸಾಹುಕಾರರು ಯಾರಿಂದಲೋ ಆ ವಾಕ್ಯವನ್ನು ಮತ್ತೆ ಮತ್ತೆ ಓದಿಸಿ ನಗುತ್ತಿದ್ದರು.

"ಚೆಂದಾಗ್ ಬರ್ದಿದೀರಿ. ಆದ್ರೆ ಆ ಬೋರ ಎಲ್ ಸರಿದ? ಅವನೊಬ್ಬ ನನ್ ಮಾತ ಕೇಳ್ನಿಲ್ಲ ಕಣಿ. ಬಿದ್ದು ಚೆಂಡ ತಬ್ಕಂಡ. ನಮ್ ಹುಡುಗನ ಬೂಟು ಕೈ ಮ್ಯಾಲೆ ಬಿತ್ತು. ಎಲ್ಡು ಬೆಳ್ಳು ಮುರ್ದೋದೋ. ಆಮ್ಯಾಕೆ ಮುರ್ದ ಕೈಲಿ ಏನ್ ಇಡ್ದಾನು?"

ಆಗಲೇ ಅಂಚೆ ಕಚೇರಿಗೆ ಹೋಗಬಹುದಿತ್ತು. ಒಂದು ಸಾಲಿನ ತಂತಿ. ಆದರೆ ಆ ಸಾಲಿನಲ್ಲಿ, ನಾನು ಅಲ್ಲಿರಲಿಲ್ಲ ಎಂದೂ ಬರೆಯಬೇಕಾಗುತ್ತಿತ್ತು. ಜೇಬಿನ ಕಾರ್ಡು ಎದೆಗೆ ಒತ್ತುತ್ತಿತ್ತು. ನಾಳೆ ಎಂದುಕೊಂಡೆ.

ಏರಿಯ ಮೇಲೆ ಕೂತು ಆಟ ನೋಡಿದವರು ನೂರಾರು ಜನ. ಅವರು ನಿಜ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವರು ನೋಡಿದ್ದು ಧೂಳನ್ನು. ಧೂಳಿನೊಳಗೆ ಏನಾಯಿತೆಂದು ಪತ್ರಿಕೆ ಹೇಳಿದ ಮೇಲೆ ಅವರಿಗೂ ಅದೇ ಕಾಣತೊಡಗಿತು. ಬೋರಯ್ಯ ಸರಿದು ನಿಂತದ್ದನ್ನು ತಾವೇ ಕಂಡುದಾಗಿ ಬಸರಾಳಿನ ಪಟೇಲರೊಬ್ಬರು ನನಗೇ ವಿವರಿಸಿದರು, ಎಡಕ್ಕೋ ಬಲಕ್ಕೋ ಎಂಬುದನ್ನೂ ಸೇರಿಸಿ.

ಸಂತೆಯ ದಿನ ಮಂಡ್ಯದ ಕಾಫಿ ಹೋಟೆಲಿನಲ್ಲಿ ಕೂತಿದ್ದೆ. ಬೋರಯ್ಯ ಒಳಗೆ ಬಂದ. ಬಲಗೈಗೆ ಬಿದಿರು ದಬ್ಬೆ ಕಟ್ಟಿ ಬಟ್ಟೆ ಸುತ್ತಿತ್ತು. ಮೂಲೆಯ ಬೆಂಚಿನಿಂದ ಯಾರೋ ಅಂದರು, "ಬಾಗ್ಲಲ್ಲಿ ನಿಂತ್ಕಬ್ಯಾಡ ಕಣ್ಲಾ ಬೋರ, ನೆಂಟ್ರು ಬತ್ತಾವ್ರೆ." ಇನ್ನೊಬ್ಬ, "ದಾರಿ ಬುಡ್ಲಾ, ನಿಂಗ್ ರೂಢಿ ಐತಲ್ಲ." ನನ್ನ ವಾಕ್ಯ ಆಗಲೇ ಊರವರ ಬಾಯಿಗೆ ಬಂದಿತ್ತು. ಅವನು ಅವರ ಕಡೆ ನೋಡಲಿಲ್ಲ. ನೆಟ್ಟಗೆ ನನ್ನ ಮುಂದೆ ಬಂದು ನಿಂತ.

"ಸ್ವಾಮಿ, ನಂಗೆ ಓದಾಕ್ ಬರಕಿಲ್ಲ. ಓದ್ಸಿ ಕೇಳ್ದೆ. ನಾನು ಸರ್ದು ನಿಂತದ್ದ ನೀವು ಕಂಡ್ರಾ?"

ಅವನ ದನಿ ಆವತ್ತು ಗಟ್ಟಿಯಾಗಿರಲಿಲ್ಲ. ಜಗಳಕ್ಕೆ ಬಂದವನಲ್ಲ. ಏರಿಯ ಮೇಲಿದ್ದವರಲ್ಲಿ ಒಬ್ಬನಾದರೂ ನಿಜವನ್ನು ಕಂಡಿದ್ದಾನೆಂದು ನಂಬಿ, ಆ ಒಬ್ಬ ನಾನೇ ಎಂದು ನಂಬಿ ಬಂದವನು. ಹೋಟೆಲಿನವರೆಲ್ಲ ಲೋಟ ಹಿಡಿದು ಕಾಯುತ್ತಿದ್ದರು. ನಾನು ಅವನ ಕೈಯ ಬಟ್ಟೆ ನೋಡುತ್ತ ಹೇಳಿದೆ:

"ಕಂಡದ್ದನ್ನೇ ಬರೆದಿದ್ದೇನೆ."

ಅವನು ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಎತ್ತಿಕೊಂಡ. "ಅಂಗಾರೆ ಸರಿ ಬುಡಿ," ಅಂದ. ಹೋದ.

ಆಮೇಲೆ ಅವನು ಚೆಂಡು ಮುಟ್ಟಲಿಲ್ಲ. ಮಂಡ್ಯದ ತಂಡ ಮೈಸೂರಿಗೆ ಹೋಯಿತು. ನನ್ನ ಹೆಸರು ಅಚ್ಚಾಯಿತು. ಮುಂದಿನ ವರ್ಷ ನಾಲೆ ನೀರು ಬಂದು ಆ ಕೆರೆ ತುಂಬಿತು. ಗೋಲಿನ ಬಿದಿರನ್ನು ಯಾರೂ ಕಿತ್ತಿರಲಿಲ್ಲ. ಬಹಳ ದಿನ ನೀರಿನ ನಡುವೆ ಅವು ನಿಂತೇ ಇದ್ದವು, ಮೇಲೆ ಒಂದೊಂದು ಬೆಳ್ಳಕ್ಕಿ ಕೂತುಕೊಂಡು. ನಂತರ ಸುತ್ತ ಕಬ್ಬು ಎದ್ದಿತು. ಅಲ್ಲಿ ಆಟ ನಡೆದಿತ್ತೆಂದರೆ ನನಗೇ ನಂಬಿಕೆ ಬಾರದಂತಾಯಿತು.

ನಾನು ನೋಡದ ಆ ಅರ್ಧ ಕನಸಿನಲ್ಲಿ ಬರತೊಡಗಿದ್ದು ಆಗಲೇ. ಒಮ್ಮೆ ನೀರಿನ ಅಡಿಯಲ್ಲಿ ಆಡುತ್ತಿರುತ್ತಾರೆ, ಸದ್ದಿಲ್ಲದೆ, ನಿಧಾನವಾಗಿ. ಒಮ್ಮೆ ಎರಡೂ ತಂಡದವರು ಗಿರಣಿಯ ಪಂಕ್ತಿಯಿಂದೆದ್ದು, ಕೈ ತೊಳೆಯದೆ ಆಟಕ್ಕಿಳಿದಿರುತ್ತಾರೆ. ಚೆಂಡು ಬರುತ್ತದೆ, ಬೋರಯ್ಯ ಅಡ್ಡ ಬೀಳುತ್ತಾನೆ, ಬೂಟು ಬರುತ್ತದೆ. ನಾನು ಏರಿಯ ಮೇಲೆ ಇರುವುದಿಲ್ಲ. ಯಾವ ಕನಸಿನಲ್ಲೂ ಇರುವುದಿಲ್ಲ. ದೂರದಲ್ಲಿ ರೈಲು ಕೂಗುತ್ತದೆ, ಅಷ್ಟೆ.

ಹಲವು ವರ್ಷದ ಮೇಲೆ ಒಮ್ಮೆ ಅಧಿಕಾರಿಗಳ ಜೊತೆ ಶಿವನಸಮುದ್ರಕ್ಕೆ ಹೋಗಿದ್ದೆ. ಸ್ಥಾವರದ ಬಾಗಿಲಲ್ಲಿ ಒಬ್ಬ ನಡುವಯಸ್ಸಿನವನು ನಿಂತಿದ್ದ. ಬಲಗೈಯ ಎರಡು ಬೆರಳು ಒಳಕ್ಕೆ ಬಾಗಿದ್ದವು. ನಮ್ಮನ್ನು ಕಂಡು ಪಕ್ಕಕ್ಕೆ ಸರಿದು ನಿಂತು, "ಬನ್ನಿ ಸ್ವಾಮಿ," ಎಂದ. ಗುರುತು ಹಿಡಿದನೋ ಇಲ್ಲವೋ — ಅವನ ಮುಖ ನೋಡಿದ್ದರೆ ತಿಳಿಯುತ್ತಿತ್ತು. ನಾನು ನೋಡಲಿಲ್ಲ. ಒಳಗೆ ಹೋದೆ.

ಸಾಹುಕಾರರು ತೀರಿಕೊಂಡಾಗ ಪತ್ರಿಕೆಗೆ ಬರೆದವನೂ ನಾನೇ. ಅದರಲ್ಲಿಯೂ ಆ ಪಂದ್ಯ ಬಂತು, ಆ ವಾಕ್ಯವೂ ಬಂತು. ಎರಡನೆಯ ಸಲ ಬರೆಯುವಾಗ ಪೆನ್ನು ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ನಿಲ್ಲಲಿಲ್ಲ.

ಬೋರಯ್ಯ ಮಳವಳ್ಳಿಯ ಹತ್ತಿರದ ತನ್ನ ಹಳ್ಳಿಯಲ್ಲಿದ್ದಾನೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಈ ಬರಹವನ್ನು ಸಂಚಿಕೆಗೆ ಕೊಡುವ ಮೊದಲು ಅಲ್ಲಿಗೆ ತೆಗೆದುಕೊಂಡು ಹೋಗುತ್ತೇನೆ. ಅವನಿಗೆ ಓದಲು ಬರುವುದಿಲ್ಲ. ಹಗಲಿನಲ್ಲಿ, ನೆರೆಯವರಿಗೂ ಕೇಳುವಂತೆ, ಮೊದಲ ಸಾಲಿನಿಂದ ನಾನೇ ಓದಬೇಕು. ಅವನು ಬಾಗಿಲಲ್ಲಿ ನಿಂತಿರಬಹುದು. ದಾರಿ ಬಿಡದಿದ್ದರೆ ಹೊರಗೆ ನಿಂತೇ ಓದುತ್ತೇನೆ.