ಶಬಾನಾ ಕೈಬಿಟ್ಟ ಗ್ಯಾಲಕ್ಸಿಗಳು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಪಣಜಿಯ ಹತ್ತಿರದ ಸಂಶೋಧನಾ ಕೇಂದ್ರವೊಂದರಲ್ಲಿ ಖಭೌತ ವಿಜ್ಞಾನಿಯಾಗಿದ್ದೆ. ವಿಶ್ವದಲ್ಲಿ ದ್ರವ್ಯ ಎಷ್ಟರಮಟ್ಟಿಗೆ ಗುಂಪುಗೂಡಿದೆ ಎಂದು ಅಳೆಯುವುದು ನಮ್ಮ ಕೆಲಸ. ಅದರ ಬಹುಪಾಲು ಕಣ್ಣಿಗೆ ಕಾಣುವುದಿಲ್ಲ. ಆದರೆ ದೂರದ ಗ್ಯಾಲಕ್ಸಿಗಳ ಬೆಳಕು ಅದನ್ನು ಹಾದು ಬರುವಾಗ ಅದರ ಗುರುತ್ವದಿಂದ ತುಸು ಬಾಗಿ, ಅವುಗಳ ಆಕಾರ ಅತಿ ಸ್ವಲ್ಪ ಹಿಗ್ಗಿದಂತೆ ಕಾಣುತ್ತದೆ. ಇದೇ ವೀಕ್ ಲೆನ್ಸಿಂಗ್. ಒಂದು ಗ್ಯಾಲಕ್ಸಿಯಿಂದ ಏನೂ ತಿಳಿಯದು. ಲಕ್ಷಾಂತರ ಆಕಾರಗಳನ್ನು ಒಟ್ಟಿಗೆ ನೋಡಬೇಕು.

ಬೇಕಾದ ಉತ್ತರದ ಕಡೆಗೆ ನಮ್ಮ ಮನಸ್ಸು ವಾಲಬಾರದೆಂದು ಪುಣೆಯ ಸಹೋದ್ಯೋಗಿಯೊಬ್ಬರು ದತ್ತಾಂಶದಲ್ಲಿ ಗುಟ್ಟಾಗಿ ಒಂದು ಬದಲಾವಣೆ ಸೇರಿಸಿದ್ದರು. ಎಲ್ಲ ಪರೀಕ್ಷೆ ಮುಗಿದ ಮೇಲಷ್ಟೇ ಅದನ್ನು ತೆಗೆದು ನಿಜವಾದ ಉತ್ತರ ನೋಡಬೇಕು.

ಹಾಗೆ ಉತ್ತರ ತೆರೆಯಲು ಮೂರು ವಾರವಿದ್ದಾಗ ಕಂಪ್ಯೂಟರಿನ ದಾಖಲೆಯಲ್ಲಿ ಒಂದು ಸಂಗತಿ ಕಂಡೆ. ನನ್ನ ಪಿಎಚ್‌ಡಿ ವಿದ್ಯಾರ್ಥಿನಿ ಶಬಾನಾ ಯಾರಿಗೂ ಹೇಳದೆ ಕೆಲವು ಚಿತ್ರಗಳ ಗ್ಯಾಲಕ್ಸಿಗಳನ್ನೆಲ್ಲ ಕೈಬಿಟ್ಟಿದ್ದಳು. ಆಮೇಲೆ ಗ್ರಾಫ್ ನುಣುಪಾಗಿತ್ತು. ತೀರಾ ನುಣುಪು, ಉತ್ತರ ಗೊತ್ತಿದ್ದು ತಿದ್ದಿದಂತೆ.

ಶಬಾನಾ ವಲಸೆ ಕೂಲಿಕಾರರೇ ಹೆಚ್ಚಿರುವ ಮಂಗೋರ್ ಹಿಲ್‌ನವಳು. ವಿಜಯಪುರದಿಂದ ಬಂದ ತಂದೆ ಬಂದರಿನಲ್ಲಿ ಲಾರಿ ಓಡಿಸುತ್ತಿದ್ದರು. ಈ ಅಳತೆಯೇ ಅವಳ ಪ್ರಬಂಧ. ಹಿಂದಿನ ತಿಂಗಳು ಪುಣೆಗೆ ಹೋಗಿಬಂದಿದ್ದಳು. ಗುಟ್ಟನ್ನು ಅಲ್ಲಿಂದ ತಂದಳೇ? ನಾನು ಹತ್ತಿರ ಹೋದರೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದಳು. ಒಂದು ವಾರ ಅವಳನ್ನು ಗಮನಿಸಿದೆ. ನೋಡಿದ್ದೆಲ್ಲ ಸಾಕ್ಷಿಯಂತೆಯೇ ಕಂಡಿತು. ಕೊನೆಗೆ ಅವಳ ಲಾಗಿನ್ ಬಂದ್ ಮಾಡಿಸಿದೆ.

ಮರುದಿನ ಬೆಳಿಗ್ಗೆ ನನ್ನ ಕೋಣೆಗೆ ಬಂದಳು. “ಸರ್, ಲಾಗಿನ್ ಆಗವಲ್ದ್ರಿ.”

“ನಾನೇ ಬಂದ್ ಮಾಡ್ಸೇನಿ. ಆ ಚಿತ್ರ ಯಾಕ ತಗದಿ? ಉತ್ತರ ಮೊದಲ ನೋಡಿಯೇನು?”

“ನಾ ನೋಡಿಲ್ರಿ. ಎಲ್ಲಾ ಆಕಾರ ನಲವತ್ತೈದು ಡಿಗ್ರಿ ತಿರುಗಿಸಿ ನೀವಾ ಒಮ್ಮಿ ಲೆಕ್ಕ ಮಾಡ್ರಿ. ಆಮ್ಯಾಲೆ ಏನರ ಅನ್ರಿ.”

ಹಾಗೆ ತಿರುಗಿಸಿದರೆ ಗುರುತ್ವದ ಗುರುತು ಅಳಿದು ಸೊನ್ನೆ ಉಳಿಯಬೇಕು. ಉಳಿಯದಿದ್ದರೆ ದೋಷ ಆಕಾಶದ್ದಲ್ಲ, ನಮ್ಮದು. ಅವಳನ್ನು ನಂಬದೆ ನಾಲ್ಕು ದಿನ ಒಬ್ಬನೇ ಕುಳಿತು ಮಾಡಿದೆ. ಅವಳು ಕೈಬಿಟ್ಟ ಚಿತ್ರಗಳಲ್ಲಿ ಮಾತ್ರ ಸೊನ್ನೆ ಬರಲಿಲ್ಲ. ಗಾಳಿ ಮತ್ತು ದೂರದರ್ಶಕದಿಂದಾಗುವ ಮಸುಕನ್ನು ಸರಿಪಡಿಸುವ ಕೋಡ್, ಕ್ಯಾಮೆರಾದ ಅಂಚಿನಲ್ಲಿ ಮೂಡಿದ ಆ ಚಿತ್ರಗಳಲ್ಲಿ ತಪ್ಪುತ್ತಿತ್ತು. ಆ ಕೋಡ್ ಬರೆದವನು ನಾನು.

ಅವಳನ್ನು ಕರೆಸಿದೆ. “ಗೊತ್ತಿದ್ದೂ ಯಾಕ ಹೇಳಲಿಲ್ಲ?”

“ನಿಮ್ಮ ಕೋಡಿನಾಗ ತಪ್ಪೈತಿ ಅಂತ ಹೆಂಗ ಹೇಳ್ಲಿ ಸರ್? ಖಾತ್ರಿ ಆಗಲಿ ಅಂತ ನೋಡಾಕತ್ತಿದ್ದೆ. ಹೇಳದ ತಗದಿದ್ದು ನಂದೂ ತಪ್ಪ. ಆದ್ರ ನೀವು ಕೀಲಿ ಹಾಕೂ ಮೊದಲ ಕೇಳಬೇಕಿತ್ರಿ.”

“ಖರೇ,” ಎಂದೆ. ಅವಳ ಲಾಗಿನ್ ಆಗಲೇ ತೆರೆಸಿದೆ.

ತಪ್ಪು ನನ್ನದೆಂದೂ, ಅದನ್ನು ಹಿಡಿದವಳು ಶಬಾನಾ ಎಂದೂ ಇಡೀ ತಂಡಕ್ಕೆ ಬರೆದೆ. ಕೋಡ್ ಸರಿಪಡಿಸಿ, ಆ ಗ್ಯಾಲಕ್ಸಿಗಳನ್ನು ಮತ್ತೆ ಸೇರಿಸಿ, ತಡವಾಗಿ ಉತ್ತರ ತೆರೆದೆವು. ಗುಂಡಿ ಒತ್ತಿದ್ದು ಅವಳೇ. ದ್ರವ್ಯ ನಾವೆಣಿಸಿದ್ದಕ್ಕಿಂತ ತುಸು ಕಡಿಮೆ ಗುಂಪುಗೂಡಿತ್ತು. ಆದರೆ ಆ ವ್ಯತ್ಯಾಸದ ಮೇಲೆ ಪಣ ಕಟ್ಟುವಷ್ಟು ನಿಖರತೆ ನಮ್ಮ ಅಳತೆಗಿರಲಿಲ್ಲ.

ಸಂಶಯಪಡುವುದು ನಮ್ಮ ವೃತ್ತಿಯ ಧರ್ಮ. ಆದರೆ ಶಬಾನಾ ದೊಡ್ಡ ಮನೆತನದಿಂದ, ಹೆಸರಾಂತ ಕಾಲೇಜಿನಿಂದ ಬಂದವಳಾಗಿದ್ದರೆ ನಾನು ಮೊದಲು ಅವಳನ್ನೇ ಕೇಳುತ್ತಿದ್ದೆ. ಲಾಗಿನ್ ಬಂದ್ ಮಾಡಿಸಿದಾಗಲೂ ಅದು ನನಗೆ ಗೊತ್ತಿತ್ತು.