ಭಾರ ಹಾಕಿ ಬಿಗಿಯುತ್ತಿದ್ದ ತಿಪ್ಪೇಶಣ್ಣ

ಗಾಡಿ ರಿಪೇರಿಯ ಕೊನೆಯ ನಟ್ಟು ಬಿಗಿಯುವ ಮೊದಲು ಮೆಕ್ಯಾನಿಕ್ ತಿಪ್ಪೇಶಣ್ಣ ರಸ್ತೆಗೆ ಬಂದು ಜನರನ್ನು ಕರೆಯುತ್ತಿದ್ದ. "ಬರ್ರೀ, ಸುಮ್ನೆ ನಿಂತ್ಕಂಡು ಏನ್ಮಾಡ್ತೀರಿ, ವ್ಯಾನಲ್ಲಿ ಕುಂತ್ಕಳಿ. ದೊಡ್ಡ ಹೊಟ್ಟೆಯೋರೆಲ್ಲ ಹಿಂದಕ್ಕೆ!" ಟೀ ಕುಡಿಯುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು ನಗುತ್ತ ಹತ್ತುತ್ತಿದ್ದರು. ಅವನು ವ್ಯಾನಿನಡಿಗೆ ನುಸುಳಿ ಸ್ಪ್ಯಾನರ್ ತಿರುಗಿಸುತ್ತಿದ್ದ. ಖಾಲಿ ಗಾಡಿಯಲ್ಲಿ ಬಿಗಿದರೆ ಆಮೇಲೆ ಜನ ಕೂತಾಗ ಸ್ಪ್ರಿಂಗಿನ ಕೀಲೊಳಗಿನ ರಬ್ಬರ್ ಬುಷ್ ತಿರುಚಿಕೊಂಡು ಹರಿಯುತ್ತದೆ ಎನ್ನುತ್ತಿದ್ದ.

ಅವನ ಶೆಡ್ಡು ಬೀರೂರಿನಲ್ಲಿ. ನಮ್ಮದು ಅಜ್ಜಂಪುರ. ಅಪ್ಪನನ್ನು ಡಯಾಲಿಸಿಸ್‌ಗೆ ಕಡೂರಿಗೆ ಕರೆದೊಯ್ಯಲು ನಮ್ಮ ಹಳೆಯ ವ್ಯಾನನ್ನು ನಾನೇ ಓಡಿಸುತ್ತಿದ್ದೆ. ನಡುದಾರಿಯಲ್ಲಿ ತಿಪ್ಪೇಶಣ್ಣನಿದ್ದಾನೆ ಎಂಬ ಧೈರ್ಯದ ಮೇಲೆಯೇ ಮನೆಯಿಂದ ಹೊರಡುತ್ತಿದ್ದುದು. ಆಗಿನ ನನ್ನ ದಿನಚರಿಯಲ್ಲಿ ಅಪ್ಪನ ತೂಕ, ಕಾಲಿನ ಊತ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಇದೆಲ್ಲ ನೆನಪಿನಿಂದ ಬರೆದದ್ದು. ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಒಂದು ಬೆಳಿಗ್ಗೆ ಹಿಂದಿನ ಚಕ್ರದ ಸ್ಪ್ರಿಂಗ್ ಪ್ಲೇಟು ಮುರಿದು, ವ್ಯಾನು ಒಂದು ಕಡೆ ಕುಸಿದೇ ಬೀರೂರು ಮುಟ್ಟಿತು. ಡಯಾಲಿಸಿಸ್‌ನ ಹಿಂದಿನ ಸರದಿ ತಪ್ಪಿದ್ದರಿಂದ ಅಪ್ಪ ಏದುಸಿರು ಬಿಡುತ್ತಿದ್ದರು. ಪ್ಲೇಟು ಹಿಡಿದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತಿಪ್ಪೇಶಣ್ಣ ಎಣ್ಣೆ ಬಿಟ್ಟ, ಬಡಿದ, ಅದು ಜಗ್ಗಲಿಲ್ಲ. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದ್ದದ್ದರಿಂದ ಬೋಲ್ಟಿಗೆ ಬೆಂಕಿ ಹಿಡಿದು ಕಾಯಿಸುವ ಹಾಗಿರಲಿಲ್ಲ. ಗರಗಸದಿಂದ ಕೊಯ್ಯುತ್ತ ಬೋಲ್ಟನ್ನೇ ಬೈಯತೊಡಗಿದ: "ಬಾರೋ ಅಳಿಯ, ಮಾವನ ಮನೇಲಿ ಇನ್ನೆಷ್ಟ್ ದಿನ ತಿಂತೀಯೋ? ಹೊರಡೋ!" ಅಪ್ಪ ಆ ಉಬ್ಬಸದಲ್ಲೂ ನಕ್ಕರು. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ನಗಿಸಿದರೆ ಇರುವ ಉಸಿರೂ ಹೋದೀತೆಂದು. ಕೊನೆಗೆ ಬೋಲ್ಟು ತುಂಡಾಗಿ ಹೊಸ ಪ್ಲೇಟು ಕೂತಿತು, ಅವತ್ತು ಕಡೂರು ಮುಟ್ಟಿದೆವು.

ಆಮೇಲೊಮ್ಮೆ ಅಪ್ಪನನ್ನು ಕಡೂರಿಗೆ ಕರೆದೊಯ್ಯುವಾಗ ಗಾಡಿಯ ಹಿಂದಿನಿಂದ ಕಟಕಟ ಸದ್ದು ಬಂತೆಂದು ಶೆಡ್ಡಿನ ಮುಂದೆ ನಿಲ್ಲಿಸಿದೆ. ಪ್ಲೇಟು ಕೂರುವ ಜಾಗಕ್ಕೆ ಅವನು ಸ್ಕ್ರೂಡ್ರೈವರ್ ಒತ್ತಿದ. ಅದು ಹಪ್ಪಳ ಚುಚ್ಚಿದ ಹಾಗೆ ಒಳಗೆ ಹೋಯಿತು.

"ತಂಗೀ, ಇನ್ ಇದ್ಕೆ ನಾನು ಕೈ ಹಾಕಲ್ಲ. ತುಕ್ಕು ಗಾಡಿ ಚಾಸಿನೇ ತಿಂದ್ಹಾಕೈತೆ."

"ಒಂಚೂರು ವೆಲ್ಡಿಂಗ್ ಮಾಡ್ಕೊಡಣ್ಣ. ಇವತ್ತೊಂದಿನ."

"ತುಕ್ಕಿನ್ ಮೇಲೆ ವೆಲ್ಡಿಂಗ್ ನಿಲ್ಲಲ್ಲ ಕಣವ್ವ. ಯಜಮಾನ್ರನ್ನ ಇದ್ರಾಗ್ ಕೂರಿಸ್ಬ್ಯಾಡ."

"ಮತ್ತೆ ಹೊತ್ಕಂಡ್ ಹೋಗ್ಲಾ? ನೀನೇ ಹೇಳು!"

ನಾನು ಬೇಡಿಕೊಂಡೆ ಎಂದು ನನ್ನ ನೆನಪು. ಅಪ್ಪ ಹೇಳುವುದು ಬೇರೆ: ನಾನು ಕಿರುಚಿ, ಸೀಟಿನಲ್ಲಿ ಕೂತು ಗಾಡಿ ಸ್ಟಾರ್ಟ್ ಮಾಡಿದೆನಂತೆ. ಅವನು ಕಿಟಕಿಯೊಳಗೆ ಕೈ ತೂರಿಸಿ ಕೀ ಕಿತ್ತುಕೊಂಡಿದ್ದಂತೂ ನಿಜ. ನೇರ ರಸ್ತೆ ಮಧ್ಯಕ್ಕೆ ಹೋಗಿ ತೆಂಗಿನಕಾಯಿ ತುಂಬಿದ ಪಿಕಪ್ ಒಂದನ್ನು ಅಡ್ಡಗಟ್ಟಿದ. "ಲೇ, ಯಜಮಾನ್ರನ್ನ ಆಸ್ಪತ್ರೆ ಬಾಗಿಲಿಗೇ ಬಿಡ್ಬೇಕು. ಎಲ್ಲೂ ನಿಲ್ಸಿದ್ರೆ ನೋಡು!" ಅಪ್ಪನನ್ನು ಮುಂದೆ ಕೂರಿಸಿದ. ನಾನು ಕಾಯಿಗಳ ಮೇಲೆ ಕೂತೆ. ಅವನು ಕೈ ಎತ್ತಿದ. ಬೀಳ್ಕೊಟ್ಟನೋ, ಬೆವರು ಒರೆಸಿಕೊಂಡನೋ, ಈಗ ಹೇಳಲಾರೆ.

ಮುಂದಿನ ಸರದಿಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಬೀರೂರು ಹತ್ತಿರವಾದಾಗ ಡ್ರೈವರ್ ಅಂದ, "ತಿಪ್ಪೇಶಣ್ಣ ಹೋಗ್ಬಿಟ್ರಲ್ಲ. ನೆನ್ನೆ, ಹಾರ್ಟ್ ಅಟ್ಯಾಕು."

ಶೆಡ್ಡಿನ ಮುಂದೆ ಜನ ತುಂಬಿದ್ದರು.

"ನಿಲ್ಸಪ್ಪ," ಎಂದರು ಅಪ್ಪ. ಕಾರು ನಿಧಾನವಾಯಿತು. ಅವರು ಬಾಗಿಲಿಗೆ ಕೈ ಹಾಕಿದರು, ಊದಿದ ತಮ್ಮ ಕಾಲುಗಳನ್ನು ನೋಡಿಕೊಂಡರು, ನನ್ನ ಕಡೆ ನೋಡಿದರು. ನಾನು ವಾಚು ನೋಡಿಕೊಂಡೆ.

"ಬ್ಯಾಡ, ನಡಿ. ಹೊತ್ತಾಗ್ತೈತೆ."

ಊರು ದಾಟಿದ ಮೇಲೆ ಕೇಳಿದರು, "ಅವನಿಗೆ ಮಕ್ಳಿದ್ವೇನವ್ವ?"

"ಗೊತ್ತಿಲ್ಲಪ್ಪ."

"ಕೇಳ್ಲೇ ಇಲ್ವಲ್ಲ ನಾವು," ಎಂದು ಉಸಿರು ಎಳೆದುಕೊಂಡು ಅಪ್ಪ ಸೀಟಿಗೆ ಒರಗಿದರು.