ಶೀಟ್ ಕಾರ್ಖಾನೆಯ ಗೋಣಿಚೀಲ

ಮೊನ್ನೆ ಸಂತೆಯಲ್ಲಿ ಈರುಳ್ಳಿ ಮಾರುವವನು ಹೊಸ ಗೋಣಿಚೀಲ ಬಿಚ್ಚಿ ಸುರಿದಾಗ ಸೆಣಬಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಏನೂ ಅಲ್ಲದಿರಬಹುದು. ನನಗೆ ಅದು ನನ್ನ ಅತ್ತೆಯ ಸೆರಗಿನ ವಾಸನೆ.

ನಾನು ಮಧುರೆ ಎಂಬ ಹಳ್ಳಿಯಿಂದ ಹೊಸಕೋಟೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಮಾವನದು ಹಳೇ ಗೋಣಿಚೀಲದ ವ್ಯಾಪಾರ. ಅವರು ತಂದ ಹರಿದ ಚೀಲಗಳನ್ನು ಅತ್ತೆ ಗಂಗಮ್ಮ ಹಿತ್ತಿಲಲ್ಲಿ ಕೊಡವಿ, ದಬ್ಬಳಕ್ಕೆ ಸುತಲಿ ದಾರ ಪೋಣಿಸಿ ತೇಪೆ ಹಾಕುತ್ತಿದ್ದರು. ಆಮೇಲೆ ಅವು ರಾಗಿ ತುಂಬಲು ರೈತರ ಮನೆಗೆ ಹೋಗುತ್ತಿದ್ದವು. ನನಗೋ ಪಿ.ಯು.ಸಿ. ಓದಿದ ಜಂಬ. ಮೂಗಿಗೆ ಸೆರಗು ಮುಚ್ಚಿಕೊಂಡೇ ಹಿತ್ತಿಲಿಗೆ ಇಳಿಯುತ್ತಿದ್ದೆ. ಅತ್ತೆ ನಗುತ್ತಿದ್ದರು. "ಧೂಳು ಕಣಮ್ಮ ಅದು. ನೀರು ಹುಯ್ಕೊಂಡ್ರೆ ಹೋಯ್ತದೆ." ಸ್ವಲ್ಪ ದಿನಕ್ಕೆ ನಾನೂ ಪಕ್ಕದಲ್ಲಿ ಕೂತು ಹೊಲಿಯತೊಡಗಿದೆ. ನನ್ನ ಹೊಲಿಗೆಯನ್ನು ನಾನು ಆಚೆ ಹೋದಾಗ ಅವರು ಬಿಚ್ಚಿ ಮತ್ತೆ ಹೊಲಿಯುತ್ತಿದ್ದುದು ಬಹಳ ಕಾಲ ನನಗೆ ಗೊತ್ತೇ ಇರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಅತ್ತೆಗೆ ದಮ್ಮು ಶುರುವಾಯಿತು. ನೀರಿನ ಬಿಂದಿಗೆ ಎತ್ತಿದರೆ ಏದುಸಿರು. ಊರಿನ ಡಾಕ್ಟರು ಎದೆಯಲ್ಲಿ ನೀರು ತುಂಬಿದೆ, ಟಿ.ಬಿ. ಇರಬೇಕು ಎಂದು ಮಾತ್ರೆ ಕೊಟ್ಟರು. ನೀರು ತೆಗೆಸಿದರೆ ಮತ್ತೆ ತುಂಬಿಕೊಳ್ಳುತ್ತಿತ್ತು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಬಂದ ದಿನ ಅತ್ತೆ, ಮಾವ, ನನ್ನ ಗಂಡ, ನಾನು ನಾಲ್ವರೂ ಹೋಗಿದ್ದೆವು. ಶ್ವಾಸಕೋಶದ ಸುತ್ತ ಒಂದು ತೆಳು ಪೊರೆ ಇರುತ್ತದೆ, ಕ್ಯಾನ್ಸರ್ ಅಲ್ಲಿದೆ ಎಂದರು ಡಾಕ್ಟರಮ್ಮ. ಮೀಸೋಥೀಲಿಯೋಮ ಎಂಬ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ಯಾವುದಾದ್ರೂ ಕಾರ್ಖಾನೇಲಿ ಕೆಲ್ಸ ಮಾಡಿದ್ರಾ ಅಮ್ಮ?"

"ಇಲ್ಲಮ್ಮ. ಮನೇಲೇ ಗೋಣಿ ಹೊಲೀತಿದ್ದೆ."

"ಯಾವ ಗೋಣಿ?"

ಉತ್ತರ ಕೊಟ್ಟವರು ಮಾವ. ವ್ಯಾಪಾರದ ಮಾತು ಬಂತೆಂದು ಅವರ ಮುಖ ಸ್ವಲ್ಪ ಗೆಲುವಾಗಿತ್ತು. "ಎಲ್ಲಾ ತರದ್ದೂ ತಾಯಿ. ಮೊದಮೊದಲು, ಇವನಿನ್ನೂ ಮಗು, ಸಿಮೆಂಟ್ ಶೀಟ್ ಮಾಡೋ ಕಾರ್ಖಾನೆಯಿಂದ ತರ್ತಿದ್ದೆ. ಒಳ್ಳೇ ದಪ್ಪ ಮಾಲು. ಒಳಗೆ ಬೆಳ್ಳಗೆ ಹತ್ತಿ ತರ ಅಂಟ್ಕೊಂಡಿರೋದು. ಇವಳು ಬಡಿದೂ ಬಡಿದೂ ಕೊಡವೋಳು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆ ಬಿಳಿ ಹತ್ತಿಯೇ ಶೀಟಿಗೆ ಬೆರೆಸುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಕಲ್ಲಿನಿಂದ ಬರುವ ನಾರು. ಅದರ ಎಳೆಗಳು ಕಣ್ಣಿಗೂ ಕಾಣದಷ್ಟು ಸಣ್ಣ. ಉಸಿರಿನ ಜೊತೆ ಒಳಗೆ ಹೋದರೆ ಅಲ್ಲೇ ಉಳಿಯುತ್ತವೆ, ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೆ ರೋಗವಾಗುತ್ತವೆ. ಅವರು ಮೆಲ್ಲಗೆ, ಬಿಡಿಸಿ ಹೇಳಿದರು. ಆ ಚೀಲ ಬರುವುದು ನಿಂತೇ ಇಪ್ಪತ್ತು ವರ್ಷದ ಮೇಲಾಗಿತ್ತು.

ಅತ್ತೆ ಮಗನ ಕಡೆ ಕೈ ತೋರಿಸಿದರು. "ಇವನನ್ನ ಆ ಚೀಲದ ಮೇಲೇ ಮಲಗಿಸ್ಕೊಂಡು ಹೊಲೀತಿದ್ದೆ. ಇವನಿಗೂ ಬರ್ತದಾ?"

"ಬರ್ಲೇಬೇಕು ಅಂತೇನಿಲ್ಲಮ್ಮ," ಎಂದರು ಡಾಕ್ಟರಮ್ಮ. "ಬರಲ್ಲ ಅಂತ ಹೇಳೋಕೂ ನನ್ ಕೈಲಿ ಆಗಲ್ಲ."

ಅತ್ತೆ ಆ ವರ್ಷ ದಾಟಲಿಲ್ಲ. ಕೊನೆಯ ತಿಂಗಳುಗಳಲ್ಲಿ ಮಲಗಲಾಗದೆ, ದಿಂಬುಗಳಿಗೆ ಒರಗಿಕೊಂಡು ಕೂತೇ ಇರುತ್ತಿದ್ದರು. ಮಾವ ಹತ್ತಿರ ಬಂದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದರು. "ನೀವೇನು ತಿಳಿದು ತಂದ್ರಾ?" ಎನ್ನುತ್ತಿದ್ದರು.

ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾವ ಚಪ್ಪಲಿ ಮೆಟ್ಟಿಕೊಂಡು ಅನುಗೊಂಡನಹಳ್ಳಿ ಬಸ್ಸಿಗೆ ಹೊರಟರು. ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಹೋದೆ. ಅವರು ಹಳೇ ಗಿರಾಕಿಗಳ ಮನೆ ಹುಡುಕಿ ಹೋಗುತ್ತಿದ್ದರು. ಮನೆ ಮನೆಯಲ್ಲೂ ಅದೇ ಮಾತು: "ನಾನು ಕೊಟ್ಟ ಚೀಲದಲ್ಲಿ ವಿಷ ಇತ್ತಂತೆ ಕಣಪ್ಪ. ಇದ್ರೆ ಬಡೀಬೇಡಿ, ಕೊಡವಬೇಡಿ."

ಜನ ಮಜ್ಜಿಗೆ ಕೊಟ್ಟರು, ಸಮಾಧಾನ ಹೇಳಿದರು. "ಅವು ಯಾವತ್ತೋ ಗೆದ್ದಲು ತಿಂದು ಹೋದ್ವು ಯಜಮಾನ್ರೇ, ನೀವ್ ಕೊರಗಬೇಡಿ." ಒಂದು ಮನೆಯಲ್ಲಿ ಮಾತ್ರ ವಯಸ್ಸಾದ ಹೆಂಗಸೊಬ್ಬಳು ಕೇಳಿದಳು: "ನಾವು ಚಳಿಗಾಲದಾಗೆ ಅದನ್ನೇ ಹೊದ್ಕೊಂಡು ಮಲಗ್ತಿದ್ವಲ್ಲಣ್ಣ. ಈಗ ಏನ್ ಮಾಡ್ಬೇಕು?"

ಮಾವ ಅವಳ ಜಗಲಿಯ ಮೇಲೆ ಕೂತುಬಿಟ್ಟರು. ಅವರನ್ನು ಆ ಹೆಂಗಸೂ ನಾನೂ ಸೇರಿ ಎಬ್ಬಿಸಿ ಬಸ್ಸಿಗೆ ಹತ್ತಿಸಿದೆವು. ಗೋಣಿ ವ್ಯಾಪಾರ ಅಂದಿಗೆ ಮುಗಿಯಿತು. ಎದೆಗೆ ಏನೂ ಆಗದೆ ಮಾವ ಇನ್ನೂ ಬಹಳ ವರ್ಷ ಬದುಕಿದ್ದರು. ಅದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆಯಾಗಿತ್ತೇನೋ.

ನನ್ನ ಗಂಡನಿಗೆ ಈಗ ಅತ್ತೆ ತೀರಿಕೊಂಡಾಗಿನ ವಯಸ್ಸು ದಾಟಿದೆ. ಬೆಳಿಗ್ಗೆ ಹಜಾರದಲ್ಲಿ ಕೂತು ಪೇಪರ್ ಓದುತ್ತಾರೆ. ಒಮ್ಮೊಮ್ಮೆ ಕೆಮ್ಮುತ್ತಾರೆ. ನಾನು ಅಡುಗೆಮನೆಯಲ್ಲಿ ಒಲೆ ಸಣ್ಣ ಮಾಡಿ ನಿಲ್ಲುತ್ತೇನೆ. ಇನ್ನೊಂದು ಕೆಮ್ಮು ಬರದೆ, ಹಾಳೆ ಮಗುಚಿದ ಸದ್ದು ಕೇಳಿಸಿದರೆ ಮತ್ತೆ ಸೌಟು ಕೈಗೆತ್ತಿಕೊಳ್ಳುತ್ತೇನೆ.